ಸಿಸ್ಟರ್ ಮತ್ತೆ ಮತ್ತೆ ಹೆಸರು ಕೇಳೋದು ಯಾಕೆ?

ಹಾಸನ ಸೀಮೆಯಲ್ಲಿ ಲಕ್ಷ್ಮಮ್ಮ, ಜಯಮ್ಮ, ಪುಟ್ಟಮ್ಮ ಅನ್ನೋ ಹೆಸರುಗಳಿಗೆ ಬರವಿಲ್ಲ. ಮೂವತ್ತು ಬೆಡ್ಡಿನ ಹೆಂಗಸರ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಒಬ್ಬರು ಚನ್ನರಾಯಪಟ್ಟಣದ ಕಡೆಯವರು, ಸಕ್ಕರೆ ಕಾಯಿಲೆ ಅಂತ ಸೇರಿದ್ದಾರೆ ಅಂದುಕೊಳ್ಳಿ. ಇನ್ನೊಬ್ಬರು ಅರಕಲಗೂಡಿನವರು, ಜ್ವರ. ವಯಸ್ಸೂ ಹೆಚ್ಚುಕಡಿಮೆ ಒಂದೇ. ಸಿಸ್ಟರ್ ಇಂಜೆಕ್ಷನ್ ಹಿಡಿದು ಬಂದು ‘ಲಕ್ಷ್ಮಮ್ಮ ಅಲ್ವಾ?’ ಅಂದರೆ ಇಬ್ಬರೂ ‘ಹ್ಞೂಂ ಕಣವ್ವ’ ಅಂತಾರೆ. ಲಕ್ಷ್ಮಮ್ಮನ ಮಾತು ಬಿಡಿ, ಅರೆನಿದ್ದೆಯಲ್ಲಿರುವ ಜಯಮ್ಮನೂ ‘ಹ್ಞೂಂ’ ಅಂದಾಳು. ನಮ್ಮ ಹಿರಿಯರು ಆಸ್ಪತ್ರೆಯಲ್ಲಿ ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ಇಲ್ಲ ಅಂದರೆ ಡಾಕ್ಟರಿಗೆ ಬೇಜಾರಾದೀತು ಅನ್ನೋ ಸಂಕೋಚ.

ಅದಕ್ಕೇ ತರಬೇತಿ ಸರಿಯಾಗಿ ಆದ ಸಿಸ್ಟರ್ ಹಾಗೆ ಕೇಳುವುದಿಲ್ಲ. ‘ನಿಮ್ಮ ಹೆಸರೇನಮ್ಮ?’ ಅಂತ ಕೇಳುತ್ತಾರೆ. ಹೆಸರು ರೋಗಿಯ ಬಾಯಿಂದಲೇ ಬರಬೇಕು. ಆಮೇಲೆ ಕೈಗೆ ಕಟ್ಟಿದ ಪಟ್ಟಿಯ ಮೇಲಿನ ನಂಬರನ್ನೋ ಅಡ್ಮಿಟ್ ಆದಾಗ ಕೊಟ್ಟ, ಕೇಸ್ ಶೀಟಿನಲ್ಲಿರುವ ಐಪಿ ನಂಬರನ್ನೋ ತಾಳೆ ನೋಡುತ್ತಾರೆ. ಹೀಗೆ ಕಡಿಮೆ ಅಂದರೂ ಎರಡು ಗುರುತು ಹೊಂದಬೇಕು ಅನ್ನೋದು ಜಗತ್ತಿನ ಬಹಳಷ್ಟು ಕಡೆ ಇರುವ ನಿಯಮ. ಬೆಡ್ ನಂಬರ್ ಗುರುತೇ ಅಲ್ಲ. ಯಾಕೆಂದರೆ ಮಧ್ಯಾಹ್ನ ಸೆಖೆ ಅಂತ ಫ್ಯಾನ್ ಕೆಳಗಿನ ಬೆಡ್ಡಿಗೆ ರೋಗಿಗಳು ತಾವೇ ಜಾಗ ಬದಲಾಯಿಸಿಕೊಂಡಿರುತ್ತಾರೆ. ‘ಹದಿನಾಲ್ಕನೇ ಬೆಡ್ಡಿಗೆ ಕೊಡಿ’ ಅಂದ ಔಷಧಿ ಆಗ ಯಾರ ಹೊಟ್ಟೆಗೆ ಹೋಗುತ್ತೆ ಹೇಳಿ?

ಚಿಕ್ಕಮಗಳೂರು ಕಡೆ ಇನ್ನೊಂದು ತೊಡಕು. ಕಾಫಿ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕೆಲಸದವರಿಗೆ ಕನ್ನಡ ಬರುವುದಿಲ್ಲ. ಹೆಸರು ಕೇಳಿದರೆ ನಗುತ್ತಾರೆ, ತಲೆಯಾಡಿಸುತ್ತಾರೆ. ಜೊತೆಗೆ ಬಂದ ಮೇಸ್ತ್ರಿಗೆ ಗೊತ್ತಿರುವುದು ಕರೆಯುವ ಹೆಸರು ಮಾತ್ರ, ಆಧಾರಿನಲ್ಲಿ ಬೇರೆಯೇ ಇರುತ್ತೆ. ಅಲ್ಲಿ ಕೈಪಟ್ಟಿ ಒಂದೇ ದಿಕ್ಕು.

‘ಬೆಳಗ್ಗೆಯಿಂದ ನಾಲ್ಕು ಸಲ ಹೆಸರು ಕೇಳಿದ್ರು, ಇವರಿಗೆ ಜ್ಞಾಪಕನೇ ಇರಲ್ವಾ?’ ಅಂತ ಸಂಬಂಧಿಕರು ಗೊಣಗುವುದು ಎಲ್ಲ ವಾರ್ಡಿನಲ್ಲೂ ಕೇಳುತ್ತೆ. ನನ್ನ ಕೇಳಿದರೆ, ಹೆಸರು ಕೇಳದೆ ಇಂಜೆಕ್ಷನ್ ಚುಚ್ಚುವ ಸಿಸ್ಟರ್ ಬಂದಾಗಲೇ ಗಾಬರಿಯಾಗಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಚಿಕಿತ್ಸೆ ಪಡೆಯುವ 10 ಜನರಲ್ಲಿ ಸುಮಾರು ಒಬ್ಬರಿಗೆ ಆ ಚಿಕಿತ್ಸೆಯಿಂದಲೇ ಏನಾದರೊಂದು ತೊಂದರೆಯಾಗುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟನ್ನು ತಡೆಯಬಹುದಿತ್ತು. 2019ರಿಂದ ಪ್ರತಿ ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತಾ ದಿನ ಅಂತ ಆಚರಿಸುತ್ತಿರುವುದು ಇದಕ್ಕೇ. ತಪ್ಪು ಚಿಕಿತ್ಸೆ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಆಪರೇಷನ್ ಥಿಯೇಟರ್, ಹೊಟ್ಟೆಯಲ್ಲಿ ಬಿಟ್ಟ ಕತ್ತರಿ. ಪೇಪರಿನಲ್ಲಿ ಬರುವುದೂ ಅದೇ. ಆದರೆ ಬಹಳಷ್ಟು ತೊಂದರೆ ಆಗುವುದು ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಮಾತ್ರೆ ಕೊಡುವಾಗ, ಡ್ಯೂಟಿ ಬದಲಾಗುವಾಗ, ರಾತ್ರಿ ಬಾತ್‌ರೂಮಿಗೆ ಎದ್ದಾಗ. ಅಂದರೆ ನರ್ಸಿಂಗ್ ಕೆಲಸದ ನಡುಮಧ್ಯದಲ್ಲಿ.

ಒಂದು ಇನ್ಸುಲಿನ್ ಇಂಜೆಕ್ಷನ್ನಿನ ಕಥೆ

ಒಂದೇ ಒಂದು ಇಂಜೆಕ್ಷನ್ ಹಿಂದೆ ಹೋಗೋಣ. ಸಕ್ಕರೆ ಕಾಯಿಲೆಯ ಲಕ್ಷ್ಮಮ್ಮನಿಗೆ ಊಟಕ್ಕೆ ಮುಂಚೆ 20 ಯೂನಿಟ್ ಇನ್ಸುಲಿನ್ ಅಂತ ಡಾಕ್ಟರ್ ಬರೆದಿದ್ದಾರೆ. ಸುಲಭದ ಕೆಲಸ ಅನಿಸುತ್ತೆ, ಅಲ್ವಾ?

ಮೊದಲ ಅಪಾಯ ಬರವಣಿಗೆಯಲ್ಲೇ ಇದೆ. ‘ಯೂನಿಟ್’ ಅಂತ ಪೂರ್ತಿ ಬರೆಯದೆ ಅವಸರದಲ್ಲಿ ಇಂಗ್ಲಿಷಿನ ‘ಯು’ ಒಂದನ್ನೇ ಗೀಚಿದರೆ ಅದು ಸೊನ್ನೆಯ ಹಾಗೆ ಕಾಣುತ್ತದೆ. 20 ಹೋಗಿ 200 ಆಗುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ ‘ಹೀಗೆ ಬರೆಯಲೇಬೇಡಿ’ ಅಂತ ಒಂದು ಪಟ್ಟಿ ಮಾಡಿತು. ಈ ಒಂಟಿ ಅಕ್ಷರ ಅದರಲ್ಲಿ ಇದೆ. 5 ಅನ್ನೋ ಕಡೆ 5.0 ಅಂತ ಬರೆಯುವುದೂ ಇದೆ, ಯಾಕೆಂದರೆ ನಡುವಿನ ಚುಕ್ಕಿ ಕಾಣದಿದ್ದರೆ ಅದು 50.

ಎರಡನೆಯದು ನಮ್ಮ ದೇಶದಲ್ಲಿ ಇವತ್ತಿಗೂ ಇರುವ ಅಪಾಯ. ಇಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು ಒಂದು, 100 ಯೂನಿಟ್ ಇರುವುದು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಸಿರಿಂಜ್. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. ಈಗ 100ರ ಬಾಟಲಿಯ ಔಷಧಿಯನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರು ಅಂದುಕೊಳ್ಳಿ. ಸಿರಿಂಜಿನೊಳಗೆ ಬಂದಿರುವುದು ಅರ್ಧ ಮಿಲಿಲೀಟರ್. ಅಂದರೆ 50 ಯೂನಿಟ್, ಎರಡೂವರೆ ಪಟ್ಟು. ಉಲ್ಟಾ ಆದರೆ, 40ರ ಬಾಟಲಿಗೆ ಕಿತ್ತಳೆ ಸಿರಿಂಜ್ ಹಾಕಿದರೆ, ಹೋಗುವುದು ಬರೀ 8 ಯೂನಿಟ್. ಗೆರೆ ಎರಡರಲ್ಲೂ 20 ಅಂತಲೇ ತೋರಿಸುತ್ತದೆ. ಸಿಸ್ಟರ್ ಕಣ್ಣಿಗೆ ತಪ್ಪೇ ಇಲ್ಲ! ಪೆನ್ನಿನ ಹಾಗಿರುವ ಇಂಜೆಕ್ಷನ್ನಿನೊಳಗಿನ ಇನ್ಸುಲಿನ್ ಸಾಮಾನ್ಯವಾಗಿ 100ರದ್ದು. ಸೂಜಿ ಮುಗೀತು ಅಂತ ಅದರಿಂದ ಸಿರಿಂಜಿಗೆ ಎಳೆದರೂ ಇದೇ ಗತಿ. ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರು ಒಂದು ಸಲ ಬಾಟಲಿಯ ಮೇಲಿನ ಅಂಕಿಯನ್ನೂ ಸಿರಿಂಜಿನ ಮುಚ್ಚಳದ ಬಣ್ಣವನ್ನೂ ನೋಡಿಕೊಳ್ಳಿ.

ಮೂರನೆಯದು ಊಟ. ರೆಗ್ಯುಲರ್ ಅನ್ನೋ ಬಗೆಯ ಇನ್ಸುಲಿನ್ ಅನ್ನು ಊಟಕ್ಕೆ ಸುಮಾರು ಅರ್ಧ ಗಂಟೆ ಮುಂಚೆ ಕೊಡುತ್ತಾರೆ. ಸಿಸ್ಟರ್ ಸರಿಯಾಗಿ 12:30ಕ್ಕೆ ಕೊಟ್ಟರು. ಆದರೆ ಲಕ್ಷ್ಮಮ್ಮನಿಗೆ ಆಸ್ಪತ್ರೆ ಅನ್ನ ಸೇರುವುದಿಲ್ಲ. ಮನೆಯಿಂದ ಮುದ್ದೆ ತರುವ ಮಗ ಇನ್ನೂ ಬಸ್ಸಿನಲ್ಲಿದ್ದಾನೆ. ಬಸ್ಸು ಲೇಟು. ಎರಡು ಗಂಟೆ ಹೊತ್ತಿಗೆ ಅಮ್ಮ ಬೆವರುತ್ತಿದ್ದಾರೆ, ಕೈ ನಡುಗುತ್ತಿದೆ, ಏನೇನೋ ಮಾತಾಡುತ್ತಿದ್ದಾರೆ. ಸಕ್ಕರೆ ಅಂಶ 70ಕ್ಕಿಂತ ಕೆಳಗೆ ಬಿದ್ದರೆ ಹೀಗಾಗುತ್ತದೆ. ಪ್ರಜ್ಞೆ ಇದ್ದು ನುಂಗುವಂತಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು, ಗ್ಲೂಕೋಸ್ ನರದ ಮೂಲಕವೇ ಹೋಗಬೇಕು. ಇಲ್ಲಿ ಔಷಧಿ ಸರಿ, ಪ್ರಮಾಣ ಸರಿ, ರೋಗಿ ಸರಿ, ಹೊತ್ತೂ ಸರಿ. ಆದರೂ ರೋಗಿಗೆ ಅಪಾಯ. ಹಾಗಾಗಿ ‘ಊಟ ಬಂತಾ?’ ಅಂತ ಕೇಳುವ ಸಿಸ್ಟರ್ ಸುಮ್ನೆ ಮಾತಿಗೆ ಕೇಳುತ್ತಿಲ್ಲ, ಅದೂ ಚಿಕಿತ್ಸೆಯ ಭಾಗ.

ಇನ್ಸುಲಿನ್ ಹಾಗೇ ಹೆಪಾರಿನ್, ಮಾರ್ಫಿನ್, ಪೊಟ್ಯಾಸಿಯಂ ಕ್ಲೋರೈಡ್ ಇವೆಲ್ಲ ಹೆಚ್ಚು ಎಚ್ಚರ ಬೇಡುವ ಔಷಧಿಗಳು. ಪೊಟ್ಯಾಸಿಯಂ ಕ್ಲೋರೈಡಿನ ಪುಟ್ಟ ಆಂಪೂಲನ್ನು ನೀರು ಬೆರೆಸದೆ ನೇರ ನರಕ್ಕೆ ಕೊಟ್ಟರೆ ಹೃದಯ ನಿಂತೇಹೋಗಬಹುದು. ನೋಡಲು ಅದೂ ಡಿಸ್ಟಿಲ್ಡ್ ವಾಟರ್ ಹಾಗೇ ತಿಳಿಯಾಗಿರುತ್ತೆ. ಅದಕ್ಕೆ ಅದನ್ನು ಉಳಿದ ಔಷಧಿಗಳ ಜೊತೆ ಒಂದೇ ಟ್ರೇಯಲ್ಲಿ ಇಡಲೇಬಾರದು, ಬೇರೆ ಕಡೆ ಬೀಗ ಹಾಕಿಟ್ಟು, ಇಬ್ಬರು ನೋಡಿ ಕೊಡಬೇಕು. ಹೆಸರಿನ ಗೊಂದಲವೂ ಕಮ್ಮಿಯಿಲ್ಲ. ಅಮೆರಿಕದಲ್ಲಿ ಲೋಸೆಕ್ ಅನ್ನೋ ಹೊಟ್ಟೆ ಉರಿಯ ಔಷಧಿಯನ್ನು ಲ್ಯಾಸಿಕ್ಸ್ ಅಂತ ಓದಿಕೊಳ್ಳುತ್ತಿದ್ದರು. ಲ್ಯಾಸಿಕ್ಸ್ ಮೂತ್ರ ಹೋಗಿಸುವ ಔಷಧಿ. ಕೊನೆಗೆ 1990ರಲ್ಲಿ ಕಂಪನಿ ಲೋಸೆಕ್ ಹೆಸರನ್ನೇ ಪ್ರಿಲೋಸೆಕ್ ಅಂತ ಬದಲಾಯಿಸಬೇಕಾಯಿತು.

ಔಷಧಿ ಟ್ರಾಲಿ ಹತ್ತಿರ ನಿಂತ ಸಿಸ್ಟರನ್ನು ಗಮನಿಸಿ ನೋಡಿ. ‘ಸಿಸ್ಟರ್, ಡ್ರಿಪ್ ಖಾಲಿ.’ ‘ಸಿಸ್ಟರ್, ಡಿಸ್ಚಾರ್ಜ್ ಯಾವಾಗ?’ ‘ಸಿಸ್ಟರ್, ಬೆಡ್‌ಶೀಟ್.’ ಈ ಮಧ್ಯೆ ಫೋನ್. ಆಸ್ಟ್ರೇಲಿಯಾದ ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಔಷಧಿ ಕೊಡುವಾಗ ಬರುವ ಒಂದೊಂದು ಅಡ್ಡಿಗೂ ತಪ್ಪಿನ ಸಾಧ್ಯತೆ ಸುಮಾರು 12 ಶೇಕಡಾ ಜಾಸ್ತಿಯಾಗುವುದನ್ನು ಕಂಡುಕೊಂಡಿತು. ಬೆಡ್‌ಶೀಟ್ ಹತ್ತು ನಿಮಿಷ ಕಾದರೆ ನಷ್ಟವಿಲ್ಲ.

ಬದುಗಳು, ತೂತುಗಳು

ಹಾಗಾದರೆ ತಪ್ಪು ಯಾರದ್ದು? ಇಂಗ್ಲೆಂಡಿನ ಮನಃಶಾಸ್ತ್ರಜ್ಞ ಜೇಮ್ಸ್ ರೀಸನ್ ಈ ಪ್ರಶ್ನೆಗೆ ತೂತು ತೂತಾದ ಚೀಸ್ ತುಂಡುಗಳನ್ನು ಒಂದರ ಹಿಂದೊಂದು ಇಟ್ಟ ಚಿತ್ರ ತೋರಿಸಿದರು. ನಮಗೆ ಗದ್ದೆ ಬದುವೇ ಸರಿ. ಮೇಲಿನ ಬದುವಿಗೆ ಏಡಿ ಬಿಲ ತೋಡಿದರೆ ನೀರು ಕೆಳಗಿನ ಗದ್ದೆಗೆ ಇಳಿಯುತ್ತದೆ, ಅಲ್ಲಿನ ಬದು ಹಿಡಿದುಕೊಳ್ಳುತ್ತದೆ. ಎಲ್ಲ ಬದುವಿನಲ್ಲೂ ಒಂದೇ ರಾತ್ರಿ ತೂತು ಬಿದ್ದರೆ ಮಾತ್ರ ನೀರೆಲ್ಲ ಹಳ್ಳಕ್ಕೆ. ಡಾಕ್ಟರ ಅವಸರದ ಅಕ್ಷರ, ಫಾರ್ಮಸಿಯಲ್ಲಿ ಮುಗಿದ ಕೆಂಪು ಸಿರಿಂಜ್, ಇಬ್ಬರು ಮಾಡುವ ಕೆಲಸಕ್ಕೆ ಒಬ್ಬರೇ ಸಿಸ್ಟರ್, ಒಂದೇ ಹೆಸರಿನ ರೋಗಿಗಳು. ಕೊನೆಯ ಬದು ಸಿಸ್ಟರ್. ಅದಕ್ಕೇ ನೋಟಿಸ್ ಬರುವುದೂ ಅವರಿಗೇ.

ಸಿಸ್ಟರನ್ನು ಸಸ್ಪೆಂಡ್ ಮಾಡಿದರೆ ಎಲ್ಲರಿಗೂ ಸಮಾಧಾನವಾಗುತ್ತದೆ. ಮೇಲಿನ ತೂತುಗಳು ಮಾತ್ರ ಹಾಗೇ ಇರುತ್ತವೆ. ಇನ್ನೂ ಕೆಟ್ಟದ್ದು ಏನೆಂದರೆ, ಮಾರನೇ ದಿನದಿಂದ ಯಾರೂ ಬಾಯಿ ಬಿಡುವುದಿಲ್ಲ. ತಪ್ಪು ಆಗುವುದರಲ್ಲಿತ್ತು, ಕೊನೇ ಕ್ಷಣದಲ್ಲಿ ಗೊತ್ತಾಯಿತು ಅನ್ನೋ ಘಟನೆಗಳು ಪ್ರತಿ ವಾರ್ಡಿನಲ್ಲೂ ಇರುತ್ತವೆ. ಅವನ್ನು ಬರೆದಿಟ್ಟರೆ ತೂತು ಎಲ್ಲಿದೆ ಅಂತ ಯಾರಿಗೂ ಏಟಾಗುವ ಮೊದಲೇ ತಿಳಿಯುತ್ತದೆ. ಖಾಸಗಿ ಆಸ್ಪತ್ರೆಗಳು ಹೆಚ್ಚಾಗಿ ಪಡೆಯುವ ಎನ್‌ಎಬಿಎಚ್ ಮಾನ್ಯತೆಗೂ, ಸರ್ಕಾರಿ ಆಸ್ಪತ್ರೆಗಳ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳಿಗೂ ಇಂಥ ದಾಖಲೆ ಬೇಕೇ ಬೇಕು. ವರ್ಷವಿಡೀ ಆ ಪುಸ್ತಕ ಖಾಲಿ ಇರುವ ಆಸ್ಪತ್ರೆ ಬಹಳ ಸುರಕ್ಷಿತ ಅಂತ ನಾನಂತೂ ನಂಬುವುದಿಲ್ಲ. ಬೇಕೆಂದೇ ಮಾಡಿದ್ದಕ್ಕೆ, ಕುಡಿದು ಡ್ಯೂಟಿಗೆ ಬಂದದ್ದಕ್ಕೆ ಶಿಕ್ಷೆ ಆಗಲೇಬೇಕು, ಆ ಮಾತೇ ಬೇರೆ.

ಫೋನಿನಲ್ಲಿ ಏನು ಹೇಳಬೇಕು

ನಮ್ಮಲ್ಲಿ ಡ್ಯೂಟಿ ಸಾಮಾನ್ಯವಾಗಿ ಬೆಳಗ್ಗೆ ಎಂಟು, ಮಧ್ಯಾಹ್ನ ಎರಡು, ರಾತ್ರಿ ಎಂಟಕ್ಕೆ ಬದಲಾಗುತ್ತದೆ. ಪ್ರತಿ ಸಲವೂ ವಾರ್ಡಿನ ಅಷ್ಟೂ ಜನರ ವಿಷಯ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗಬೇಕು. ಟೇಬಲ್ ಹತ್ತಿರ ನಿಂತು ‘ಎಲ್ಲ ಸ್ಟೇಬಲ್, ಒಂಬತ್ತಕ್ಕೆ ಮಾತ್ರ ಜ್ವರ’ ಅಂದು ಬಸ್ಸಿಗೆ ಓಡಿದರೆ ಅದು ಹಸ್ತಾಂತರ ಅಲ್ಲ. ಬೆಡ್ ಪಕ್ಕವೇ ನಿಂತು, ಡ್ರಿಪ್, ನರಕ್ಕೆ ಚುಚ್ಚಿಟ್ಟ ಕ್ಯಾನುಲಾ, ಮೂತ್ರದ ಚೀಲ ಕಣ್ಣಾರೆ ನೋಡಿ ಒಪ್ಪಿಸಬೇಕು.

ಡಾಕ್ಟರಿಗೆ ಫೋನ್ ಮಾಡುವಾಗಲೂ ಇದೇ. ‘ಸರ್, ಒಂಬತ್ತನೇ ಬೆಡ್ ಪೇಷೆಂಟ್ ಯಾಕೋ ಸರಿ ಇಲ್ಲ’ ಅಂದರೆ ನಿದ್ದೆಗಣ್ಣಿನ ಡಾಕ್ಟರ್ ‘ಪ್ಯಾರಾಸಿಟಮಾಲ್ ಕೊಡಿ, ಬೆಳಗ್ಗೆ ನೋಡ್ತೀನಿ’ ಅನ್ನಬಹುದು. ಅದೇ ಹೀಗಂದರೆ: ‘ಸರ್, ಫೀಮೇಲ್ ಮೆಡಿಕಲ್ ವಾರ್ಡಿಂದ ಮಾತಾಡ್ತಿದ್ದೀನಿ. ಅರಕಲಗೂಡಿನ ಲಕ್ಷ್ಮಮ್ಮ, ನಿನ್ನೆ ನ್ಯುಮೋನಿಯಾ ಅಂತ ಅಡ್ಮಿಟ್ ಆದವರು. ಸಂಜೆ ಬಿಪಿ 130/80 ಇತ್ತು, ಈಗ 90/60. ಪಲ್ಸ್ 124, ಉಸಿರು ನಿಮಿಷಕ್ಕೆ 30, ಸ್ಯಾಚುರೇಷನ್ 89. ಸೋಂಕು ರಕ್ತಕ್ಕೆ ಹೋಗಿರಬಹುದು ಅನಿಸ್ತಿದೆ. ಆಕ್ಸಿಜನ್ ಹಾಕ್ತಿದ್ದೀನಿ, ನೀವು ಈಗಲೇ ಬರಬೇಕು.’ ಡಾಕ್ಟರ್ ಏಳಲೇಬೇಕು. ಈಗ ಏನಾಗಿದೆ, ಹಿನ್ನೆಲೆ ಏನು, ನನಗೇನು ಅನಿಸುತ್ತಿದೆ, ನಿಮ್ಮಿಂದ ಏನು ಬೇಕು ಅನ್ನೋ ಈ ನಾಲ್ಕು ಮೆಟ್ಟಿಲಿನ ಕ್ರಮವನ್ನು ನರ್ಸಿಂಗ್ ಪಾಠದಲ್ಲಿ ಎಸ್‌ಬಿಎಆರ್ ಅಂತಾರೆ. ಅಮೆರಿಕದ ನೌಕಾಪಡೆಯ ಅಣುಶಕ್ತಿ ಸಬ್‌ಮರೀನುಗಳಲ್ಲಿ ಬಳಸುತ್ತಿದ್ದ ಪದ್ಧತಿ ಇದು. ಫೋನಿನಲ್ಲಿ ಡಾಕ್ಟರ್ ಹೇಳಿದ ಔಷಧಿಯನ್ನು ಬರೆದುಕೊಂಡು, ಮತ್ತೆ ಓದಿ ಹೇಳಿ, ‘ಹೌದು’ ಅನಿಸಿಕೊಳ್ಳುವುದೂ ಅಷ್ಟೇ ಮುಖ್ಯ.

ಈ ಕರೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಅಂಕಿ ಉಸಿರಿನದ್ದು. ವಿಚಿತ್ರ ಅಂದರೆ ಎಲ್ಲರೂ ಕಡೆಗಣಿಸುವುದೂ ಅದನ್ನೇ. ಬಿಪಿ ಮಿಷಿನ್ ಬಿಪಿ ತೋರಿಸುತ್ತೆ, ಬೆರಳಿನ ಕ್ಲಿಪ್ ಸ್ಯಾಚುರೇಷನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ ತೋರಿಸುತ್ತೆ. ಉಸಿರನ್ನು ಮಾತ್ರ ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಬೇಕು. ಎಷ್ಟೋ ಚಾರ್ಟುಗಳಲ್ಲಿ ಎಲ್ಲ ರೋಗಿಗೂ 20 ಅಂತಲೇ ಇರುತ್ತದೆ. ವಾರ್ಡಿಗೆ ವಾರ್ಡೇ ಒಂದೇ ತಾಳದಲ್ಲಿ ಉಸಿರಾಡುತ್ತಿದೆಯೇನೋ! ರೋಗಿಯ ಸ್ಥಿತಿ ಕೆಡುವುದನ್ನು ಮೊದಲೇ ಗುರುತಿಸಲು ಬ್ರಿಟನ್ನಿನಲ್ಲಿ 2012ರಲ್ಲಿ ಜಾರಿಗೆ ಬಂದ ಮುನ್ನೆಚ್ಚರಿಕೆ ಅಂಕಪಟ್ಟಿಯಲ್ಲಿ (ಅಂಕ ಹೆಚ್ಚಿದಷ್ಟೂ ಅಪಾಯ) ಉಸಿರು ನಿಮಿಷಕ್ಕೆ 25 ಅಥವಾ ಹೆಚ್ಚಾದರೆ ಅದೊಂದಕ್ಕೇ ಗರಿಷ್ಠ 3 ಅಂಕ. ಬಿಪಿ ಬೀಳುವ ಮುಂಚೆಯೇ ಉಸಿರು ಏರುವುದುಂಟು.

ಕೈ, ಬೆನ್ನು, ಬಾತ್‌ರೂಮು

ಕೈ ತೊಳೆಯುವುದರ ಬಗ್ಗೆ ಕೊರೊನಾ ಕಾಲದಲ್ಲಿ ಎಲ್ಲರೂ ಕೇಳಿ ಸಾಕಾಗಿದೆ. ವಿಯೆನ್ನಾದಲ್ಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರ್ 1847ರಲ್ಲೇ ಹೆರಿಗೆ ವಾರ್ಡಿಗೆ ಬರುವವರ ಕೈಯನ್ನು ಕ್ಲೋರಿನ್ ಸುಣ್ಣದ ನೀರಲ್ಲಿ ತೊಳೆಸಿ ಬಾಣಂತಿಯರ ಸಾವು ಇಳಿಸಿ ತೋರಿಸಿದ್ದ. ರೋಗಿಯನ್ನು ಮುಟ್ಟುವ ಮುಂಚೆ, ಸೂಜಿ ಚುಚ್ಚುವ, ಕ್ಯಾತಿಟರ್ (ಮೂತ್ರದ ನಳಿಕೆ) ಹಾಕುವಂಥ ಕೆಲಸಕ್ಕೆ ಮುಂಚೆ, ರಕ್ತ ಮೂತ್ರ ತಾಗಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಮಂಚ ಟೇಬಲ್ ಮುಟ್ಟಿದ ಮೇಲೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಐದು ಹೊತ್ತು ಇವು. ಗ್ಲೌಸ್ ಹಾಕಿಕೊಂಡಿದ್ದೇನೆ ಅಂದರೆ ಸಾಲದು. ಒಂದೇ ಗ್ಲೌಸಿನಲ್ಲಿ ಮೂರು ರೋಗಿ ಮುಟ್ಟಿದರೆ ಅದು ಕಾಪಾಡುವುದು ಹಾಕಿಕೊಂಡವರ ಕೈಯನ್ನು ಮಾತ್ರ.

ಮಲಗಿದಲ್ಲೇ ಇರುವವರಿಗೆ ಬೆನ್ನು ಹುಣ್ಣು ಆಗದಂತೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ಇದ್ದರೂ ಇದು ತಪ್ಪುವುದಿಲ್ಲ. ಚರ್ಮ ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಅದು ಬಿಳಿಚಿಕೊಳ್ಳದಿದ್ದರೆ ಹುಣ್ಣು ಶುರು ಅಂತ ಪುಸ್ತಕ ಹೇಳುತ್ತದೆ. ಆ ಪುಸ್ತಕ ಬರೆದವರು ನೋಡಿದ್ದು ಬಿಳಿ ಚರ್ಮ. ಬಿಸಿಲಲ್ಲಿ ದುಡಿದ ನಮ್ಮ ಅಜ್ಜಂದಿರ ಮೈಮೇಲೆ ಕೆಂಪು ಕಾಣುವುದೇ ಇಲ್ಲ. ಮುಟ್ಟಿ ನೋಡಬೇಕು. ಸುತ್ತಲ ಚರ್ಮಕ್ಕಿಂತ ಬಿಸಿಯೋ, ಗಟ್ಟಿಯೋ, ಮೆತ್ತಗೋ ಇದ್ದರೆ ಅದೇ ಗುರುತು. ಅಲ್ಲಿ ಪೌಡರ್ ಹಾಕಿ ಉಜ್ಜುವ ಅಭ್ಯಾಸ ಬಿಡಬೇಕು, ಒಳಗೆ ನೊಂದ ಜಾಗ ಇನ್ನಷ್ಟು ಹಾಳಾಗುತ್ತದೆ.

ಬೀಳುವುದು ಹೆಚ್ಚಾಗಿ ಬಾತ್‌ರೂಮಿನ ದಾರಿಯಲ್ಲಿ. ಸಂಜೆ ಹೊತ್ತು ಮೂತ್ರ ಹೋಗಿಸುವ ಔಷಧಿ ಕೊಟ್ಟರೆ ರಾತ್ರಿ ಏಳಲೇಬೇಕು, ಕೆಳಗೆ ಚಾಪೆಯಲ್ಲಿ ಮಲಗಿದ ಮಗಳನ್ನು ಎಬ್ಬಿಸಲು ಮನಸ್ಸು ಬಾರದು. ಎಬ್ಬಿಸಿ. ಇನ್ನೊಂದು, ಸ್ಕ್ಯಾನಿಂಗಿಗೆ ಗಾಲಿಕುರ್ಚಿಯಲ್ಲಿ ಹೋಗುವಾಗ ಮೂತ್ರದ ಚೀಲವನ್ನು ತೊಡೆ ಮೇಲೆ ಇಡಬೇಡಿ. ಮೂತ್ರ ವಾಪಸ್ ಒಳಗೆ ಹರಿದು ಸೋಂಕು ತರುತ್ತದೆ. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ಇರಬೇಕು.

ಗೋಡೆಯ ಸರ್ಟಿಫಿಕೇಟ್ ಮತ್ತು ತಲೆಲೆಕ್ಕ

ಗುಣಮಟ್ಟ ಅಳೆಯುವುದು ಹೇಗೆ? ಅಮೆರಿಕದ ಡಾಕ್ಟರ್ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಮೂರು ಪ್ರಶ್ನೆ ಕೇಳಿ ಅಂದರು. ಏನು ಇದೆ? ಏನು ಮಾಡುತ್ತಾರೆ? ಏನಾಯಿತು? ವಾರ್ಡಿನಲ್ಲಿ ಸಿಂಕ್ ಇದೆ, ಅದು ಮೊದಲನೆಯದು. ಅದರಲ್ಲಿ ಕೈ ತೊಳೆಯುತ್ತಾರಾ, ಅದು ಎರಡನೆಯದು. ಸೋಂಕು ಕಮ್ಮಿಯಾಯಿತಾ, ಅದು ಮೂರನೆಯದು. ಸಿಂಕ್ ಫೋಟೋ ತೆಗೆಯಲು ಸುಲಭ, ತಪಾಸಣೆಯವರಿಗೂ ಕಾಣುತ್ತದೆ. ಆದರೆ ಸಿಂಕಿಗೆ ನೀರು ಬರುತ್ತಾ ಅಂತ ತಿರುಗಿಸಿ ನೋಡುವವರು ಬೇಕು.

ಮೊದಲ ಪ್ರಶ್ನೆಯಲ್ಲಿ ಜನರ ಲೆಕ್ಕವೂ ಬರುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲ್ ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ರೋಗಿಗೆ ಒಬ್ಬ, ಉಳಿದ ಆಸ್ಪತ್ರೆಗಳಿಗೆ ಐದಕ್ಕೆ ಒಬ್ಬ ನರ್ಸ್ ಅನ್ನುತ್ತದೆ. ರಾತ್ರಿ ಡ್ಯೂಟಿ ಹೊತ್ತಿಗೆ ಯಾವುದಾದರೂ ದೊಡ್ಡ ವಾರ್ಡಿಗೆ ಹೋಗಿ ತಲೆ ಎಣಿಸಿ ನೋಡಿ. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಲಿಂಡಾ ಐಕೆನ್ ತಂಡ ಮಾಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸಿಗೆ ಒಬ್ಬ ರೋಗಿ ಜಾಸ್ತಿಯಾದರೆ ಆಪರೇಷನ್ ಆದವರು 30 ದಿನದೊಳಗೆ ಸಾಯುವ ಸಾಧ್ಯತೆ 7 ಶೇಕಡಾ ಏರುತ್ತಿತ್ತು. ಎರಡು ಗುರುತು ನೋಡು, ಉಸಿರು ಎಣಿಸು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು ಅನ್ನೋದೆಲ್ಲ ಸಮಯ ಬೇಡುವ ಕೆಲಸ. ಆ ಸಮಯ ಕೊಡದೆ ‘ಸಿಸ್ಟರ್‌ಗಳಿಗೆ ಜವಾಬ್ದಾರಿ ಇಲ್ಲ’ ಅನ್ನುವುದು ನ್ಯಾಯವಲ್ಲ.

ಸಂಬಂಧಿಕರಿಗೆ ಒಂದು ಮಾತು, ಅದರಲ್ಲೂ ಮಲೆನಾಡು ಕಡೆಯವರಿಗೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ತಾಲ್ಲೂಕು ಆಸ್ಪತ್ರೆಯಿಂದ ಹಾಸನಕ್ಕೋ ಚಿಕ್ಕಮಗಳೂರಿಗೋ ಮಂಗಳೂರಿಗೋ ಕಳಿಸುವಾಗ ಗಡಿಬಿಡಿ ಇರುತ್ತದೆ. ಆಂಬುಲೆನ್ಸ್ ಹತ್ತುವ ಮುಂಚೆ ಅಲ್ಲಿನ ಸಿಸ್ಟರ್ ಹತ್ತಿರ ಕೊನೆಯ ಇಂಜೆಕ್ಷನ್ ಯಾವುದು, ಎಷ್ಟು, ಎಷ್ಟು ಗಂಟೆಗೆ ಅಂತ ರೆಫರಲ್ ಚೀಟಿಯಲ್ಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ಅದೇ ಔಷಧಿ ದೊಡ್ಡಾಸ್ಪತ್ರೆಯಲ್ಲಿ ಇನ್ನೊಂದು ಸಲ ಹೋಗಬಹುದು. ಮನೆಯಲ್ಲಿ ನುಂಗುತ್ತಿದ್ದ ಮಾತ್ರೆಗಳನ್ನು ಕವರ್ ಸಮೇತ ಒಂದು ಚೀಲದಲ್ಲಿ ಹಾಕಿಕೊಳ್ಳಿ, ‘ಬಿಳಿ ಮಾತ್ರೆ, ಬಿಪಿದು’ ಅಂದರೆ ಯಾರಿಗೂ ತಿಳಿಯುವುದಿಲ್ಲ. ಹಿಂದೆ ಯಾವುದಾದರೂ ಇಂಜೆಕ್ಷನ್ನಿಗೆ ಮೈ ದದ್ದು ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಅದನ್ನು ಕೇಳುವವರೆಗೆ ಕಾಯದೆ ಮೊದಲೇ ಹೇಳಿ, ಕೇಸ್ ಶೀಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವವರೆಗೆ ಅಲ್ಲೇ ನಿಂತಿರಿ.